ಕಡೂರು ಸೀಮೆಯಲ್ಲಿ ಬಾಲಶಿಕ್ಷಣ: ಮನೆಗೂ ಮಠಕ್ಕೂ ಇದ್ದ ಸಂಬಂಧ

೧

ಬಾಲಕರ ವಿದ್ಯಾಭ್ಯಾಸದಲ್ಲಿ ತಾಯಿತಂದೆಗಳ ಪಾಲೆಷ್ಟು, ಮಕ್ಕಳನ್ನು ಹಗಲೆಲ್ಲ ಇಟ್ಟುಕೊಂಡು ಕಲಿಸುವವರ ಪಾಲೆಷ್ಟು ಎಂಬ ಪ್ರಶ್ನೆಯು ಈಚೆಗೆ ಹುಟ್ಟಿದುದೆಂದು ಅನೇಕರು ಎಣಿಸುವರು. ಕನ್ನಡನಾಡಿನ ಹಳ್ಳಿಗಳ ಪೂರ್ವವ್ಯವಸ್ಥೆಯನ್ನು ಪರಿಶೀಲಿಸಿದರೆ ಈ ಪ್ರಶ್ನೆಯು ಬಹು ಹಿಂದಿನದೆಂದೂ, ಅದಕ್ಕೆ ಹಳ್ಳಿಗರು ತಮ್ಮದೇ ಆದ ಒಂದು ಉತ್ತರವನ್ನು ಕಂಡುಕೊಂಡಿದ್ದರೆಂದೂ ತಿಳಿಯುವುದು. ಆ ಉತ್ತರದ ಗುಣವೇನು, ದೋಷವೇನು, ಅದು ಯಾವ ಕಾರಣದಿಂದ ಮರೆಯಾಯಿತು ಎಂಬುದನ್ನು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ಮೂರು ಊರುಗಳೂ ಮಲೆನಾಡಿಗೂ ಬಯಲುಸೀಮೆಗೂ ನಡುವಣ ನೆಲದಲ್ಲಿವೆ. ಪಡುವಣಕ್ಕೆ ಬಾಬಾಬುಡನ್‌ಗಿರಿಯ ಸಾಲು. ಅದರ ಮಗ್ಗುಲಲ್ಲಿ ಸಖರಾಯಪಟ್ಟಣದ ಅಯ್ಯನಕೆರೆ, ಕಡೂರಿನ ಮದಗದಕೆರೆ. ಮೂಡಣಕ್ಕೆ ಮಳೆಯನ್ನೇ ನಂಬಿದ ರಾಗಿ ಜೋಳದ ಹೊಲಗಳು, ಅಮೃತಮಹಲ್ ದನಗಳು ಮೇಯುವ ಕಾವಲುಗಳು. ಮೈಸೂರು ಸಂಸ್ಥಾನದ ಕಾಲದಲ್ಲಿ ಜಿಲ್ಲೆಗೆ ಕಡೂರಿನ ಹೆಸರೇ ಇದ್ದಿತು. ಕಚೇರಿಗಳು ಮಾತ್ರ ಚಿಕ್ಕಮಗಳೂರಿನಲ್ಲಿದ್ದುವು. ೧೯೪೭ರಲ್ಲಿ ಜಿಲ್ಲೆಯ ಹೆಸರು ಚಿಕ್ಕಮಗಳೂರು ಎಂದಾಯಿತು. ಬಹುಕಾಲ ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಅಜ್ಜಂಪುರವು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾಗಿದೆ.

೨

ಈ ಸೀಮೆಯಲ್ಲಿ ವಿದ್ಯೆಗೆ ಎರಡು ಬಗೆಯ ಆಸರೆಗಳಿದ್ದುವು. ಮೊದಲನೆಯದು ದಾನದ ಆಸರೆ. ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕನಾದ ಅಮೃತನು ೧೧೯೬ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವು ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ಜನ್ನಕವಿ. ಇಂತಹ ದೇವಾಲಯಗಳನ್ನೂ ಅಗ್ರಹಾರಗಳನ್ನೂ ಆಶ್ರಯಿಸಿ ನಡೆದ ವಿದ್ಯೆಯು ಅರಸರ ಮತ್ತು ದಂಡನಾಯಕರ ಭೂದಾನದಿಂದ ಪೋಷಿತವಾದುದು. ಅಲ್ಲಿ ಕಲಿಸುವವನ ಜೀವನಕ್ಕೆ ಕಲಿಯುವವನ ಮನೆಯವರು ಹೊಣೆಗಾರರಲ್ಲ. ಅಂತೆಯೇ ಆ ವಿದ್ಯೆಯ ವಿಷಯದಲ್ಲಿ ಅವರ ಮಾತಿಗೆ ಎಡೆಯೂ ಕಡಮೆ.

ಎರಡನೆಯದು ಕೂಲಿಯ ಆಸರೆ. ಹಳೆಯ ಮೈಸೂರು ಸೀಮೆಯಲ್ಲಿ ಹಳ್ಳಿಯ ಪಾಠಶಾಲೆಗೆ ಕೂಲಿಮಠವೆಂದು ಹೆಸರು. ಕಲಿಸುವವರು ಅಯ್ಯನವರು, ಐಗಳು ಅಥವಾ ಮಠದಯ್ಯ. ಹೆಸರೇ ಹೇಳುವಂತೆ ಇಲ್ಲಿ ಕಲಿಸುವವನಿಗೆ ಕೂಲಿಯನ್ನು ಕೊಡುವವರು ಮಕ್ಕಳ ಹೆತ್ತವರು. ಕೂಲಿ ಬಹುಮಟ್ಟಿಗೆ ದವಸದ ರೂಪದಲ್ಲಿರುತ್ತಿದ್ದಿತು. ಹಬ್ಬಹುಣ್ಣಿಮೆಗಳಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಕೈಲಾದರೆ ಒಂದು ಬಟ್ಟೆ. ಮಠಕ್ಕೆ ಬೇರೆ ಕಟ್ಟಡವಿಲ್ಲ. ಗುಡಿಯ ಅಂಗಳ, ಊರ ಚಾವಡಿ ಅಥವಾ ಅನುಕೂಲಸ್ಥರೊಬ್ಬರ ಮನೆಯ ಜಗಲಿಯೇ ಅದಕ್ಕೆ ನೆಲೆ. ಮಳೆ ತಪ್ಪಿ ಕಣದಲ್ಲಿ ರಾಗಿ ಕಾಣದ ವರ್ಷ ಅಯ್ಯನವರಿಗೂ ಅನ್ನ ತಪ್ಪುವುದು ಈ ಏರ್ಪಾಟಿನಲ್ಲಿ ಅನಿವಾರ್ಯವಾಗಿದ್ದಿತು. ಆದಕಾರಣ ಮನೆಗೂ ಮಠಕ್ಕೂ ಇದ್ದ ಸಂಬಂಧವು ಒಂದೇ ಬೆಳೆಯ ಏಳುಬೀಳಿಗೆ ಕಟ್ಟುಬಿದ್ದ ಸಂಬಂಧ.

೩

ಇಂತಹ ಶಾಲೆಗಳ ದಿನಚರಿಯ ನಿಚ್ಚಳವಾದ ವರ್ಣನೆಯೊಂದು ಚಿತ್ರದುರ್ಗ ಸೀಮೆಗೆ ಬಡಗಲಿನ ಬಳ್ಳಾರಿಯಿಂದ ದೊರೆತಿದೆ. ಮದರಾಸಿನ ಗೌರ್ನರ್ ಥಾಮಸ್ ಮನ್ರೋ ತನ್ನ ಆಧಿಪತ್ಯದ ಎಲ್ಲ ಜಿಲ್ಲೆಗಳಿಂದಲೂ ದೇಶೀಯ ಶಾಲೆಗಳ ವಿವರವನ್ನು ಕೇಳಿದ್ದನು. ಅದಕ್ಕೆ ಉತ್ತರವಾಗಿ ೧೮೨೩ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಬರೆದ ವರದಿಯೇ ಅದು. ಅವನು ಕಂಡ ೫೩೩ ಶಾಲೆಗಳಲ್ಲಿ ೨೩೫ ಕನ್ನಡ ಶಾಲೆಗಳು. ಕಡೂರು ಸೀಮೆಯ ಕೂಲಿಮಠದ ಕ್ರಮಕ್ಕೂ ಅವನು ವರ್ಣಿಸಿದ ಕ್ರಮಕ್ಕೂ ಮುಖ್ಯಾಂಶಗಳಲ್ಲಿ ಸಾಮ್ಯವಿರುವುದರಿಂದ ಅದನ್ನು ಇಲ್ಲಿ ಉಪಯೋಗಿಸಿಕೊಳ್ಳಲಡ್ಡಿಯಿಲ್ಲ.

ಕ್ಯಾಂಬೆಲ್ ಹೇಳುವಂತೆ ಮಗುವಿಗೆ ಐದು ವರ್ಷ ತುಂಬಿದಾಗ ತಂದೆತಾಯಿಗಳು ಉಪಾಧ್ಯಾಯನನ್ನೂ ಅವನ ಶಿಷ್ಯರೆಲ್ಲರನ್ನೂ ತಮ್ಮ ಮನೆಗೆ ಕರೆಯುವರು. ಗಣಪತಿಯ ಮುಂದೆ ಎಲ್ಲರೂ ಸುತ್ತಲೂ ಕುಳಿತಿರಲು ಉಪಾಧ್ಯಾಯನು ಮಗುವಿನ ಪಕ್ಕದಲ್ಲಿ ಕುಳಿತು, ಅದರ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರನ್ನು ಬರೆಯಿಸುವನು. ಮರುದಿನ ಮಗುವು ಶಾಲೆಗೆ ಹೋಗುವುದು. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಮಗುವು ಮಠಕ್ಕೆ ಹೋಗುವುದಕ್ಕೆ ಮೊದಲು ಮಠವೇ ಮಗುವಿನ ಮನೆಗೆ ಬರುವುದು. ಮೊದಲನೆಯ ಅಕ್ಷರವು ತಾಯಿಯ ಕಣ್ಣೆದುರಿನಲ್ಲಿ, ಆಕೆಯೇ ಕೇರಿದ ಅಕ್ಕಿಯ ಮೇಲೆ ಮೂಡುವುದು.

ಮಠದಲ್ಲಿ ಮಕ್ಕಳು ಬೆಳಗಿನ ಜಾವದಲ್ಲಿಯೇ ಸೇರಬೇಕು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಆಮೇಲೆ ಬಂದವರಿಗೆ ಬಂದ ಕ್ರಮದಲ್ಲಿ ಹೆಚ್ಚುತ್ತ ಹೋಗುವ ಬೆತ್ತದೇಟು. ಮೊದಲು ಮರಳಿನಲ್ಲಿ ಬೆರಳಿನಿಂದ ತಿದ್ದುವುದು, ಬಳಿಕ ಹಲಗೆ, ಕೈ ಕುದುರಿದ ಮೇಲೆ ಕಡತ. ಅರಿವೆಗೆ ಇದ್ದಲ ಪುಡಿಯನ್ನೂ ಅಂಟನ್ನೂ ಬಳಿದು ಕಪ್ಪು ಮಾಡಿ ಮಡಿಕೆಯಾಗಿ ಮಡಿಸಿದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕಪತ್ರಗಳೂ ಅಂಗಡಿಯವರ ಲೆಕ್ಕಗಳೂ ಇದೇ ಕಡತದಲ್ಲಿರುತ್ತಿದ್ದುದರಿಂದ ಮಠದಲ್ಲಿ ಹಿಡಿದ ಸಾಧನವೇ ಮುಂದೆ ಬಾಳಿನಲ್ಲಿಯೂ ಕೈಗೆ ಬರುತ್ತಿದ್ದಿತು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವರು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳನ್ನು ಎಲ್ಲರೂ ಒಟ್ಟಾಗಿ ಗಟ್ಟಿಯಾಗಿ ಹೇಳುವರು. ಅನ್ನಿಗೆ ಮನೆಗೆ ಹೋಗಿಬರುವುದನ್ನು ಬಿಟ್ಟರೆ ಸಂಜೆಯವರೆಗೂ ಮಕ್ಕಳು ಅಯ್ಯನವರ ವಶ. ಹೊಲದ ಕೆಲಸಕ್ಕೆ ಹೋಗುವ ತಾಯಿಗೆ ಮಠವು ಮಗುವನ್ನು ಕಾಯುವ ಸ್ಥಳವೂ ಆಗಿದ್ದಿತೆಂಬುದನ್ನು ಮರೆಯತಕ್ಕದ್ದಲ್ಲ.

೪

ಓದು ಬಾರದ ತಂದೆಯು ಮಗನು ಕಲಿತನೋ ಇಲ್ಲವೋ ಎಂಬುದನ್ನು ಹೇಗೆ ತಿಳಿಯುತ್ತಿದ್ದನು? ಈ ಪ್ರಶ್ನೆಯೇ ಪ್ರಕೃತ ವಿಷಯದ ತಿರುಳು. ಅವನು ಕಿವಿಯಿಂದ ತಿಳಿಯುತ್ತಿದ್ದನು. ಕೂಲಿಮಠದ ವಿದ್ಯೆಯು ಬಹುಮಟ್ಟಿಗೆ ಬಾಯಿಪಾಠದ ವಿದ್ಯೆ. ಮಗ್ಗಿಯನ್ನು ಸಂತೆಯ ವ್ಯಾಪಾರದಲ್ಲಿ ತಂದೆಯು ತಾನೇ ಒರೆಹಚ್ಚಬಲ್ಲನು. ಪದ್ಯವು ತಪ್ಪಿದರೆ ಊರಿನ ಹಿರಿಯರು ಅದನ್ನು ಕೂಡಲೆ ಗುರುತಿಸಬಲ್ಲರು. ಏಕೆಂದರೆ ಮಠದಲ್ಲಿ ಓದುವ ಕಾವ್ಯವೂ ರಾತ್ರಿ ಜಗಲಿಯಲ್ಲಿ ಓದಿಸಿ ಕೇಳುವ ಕಾವ್ಯವೂ ಒಂದೇ.

ಇದಕ್ಕೆ ಜೈಮಿನಿ ಭಾರತಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ. ಅದರ ಕರ್ತೃವಾದ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನು. ಅವನ ಇಷ್ಟದೈವವಾದ ಲಕ್ಷ್ಮೀಕಾಂತನ ಗುಡಿಯು ಆ ಊರಿನಲ್ಲಿಯೇ ಇದೆ. ಅವನ ವಾರ್ಧಕ ಷಟ್ಪದಿಯ ನಡೆಯು ನಾಲಗೆಗೆ ಹಿತವಾದುದು. ಆದಿಪ್ರಾಸವು ಮರೆತ ಸಾಲನ್ನು ನೆನಪಿಗೆ ತರುವುದು. ಕನ್ನಡನಾಡಿನ ಕೂಲಿಮಠಗಳಲ್ಲಿ ಅಕ್ಷರವೂ ಅಮರವೂ ಮುಗಿದ ಮೇಲೆ ಹುಡುಗನು ಏರಬೇಕಾದ ಮೆಟ್ಟಿಲು ಜೈಮಿನಿಯಾಗಿದ್ದಿತು. ಜೈಮಿನಿಯನ್ನು ಓದಿ ಅರ್ಥ ಹೇಳಬಲ್ಲವನು ವಿದ್ಯಾವಂತನೆಂಬ ಗಣನೆ. ಅದೇ ಕಾವ್ಯವನ್ನು ಓದು ಬಾರದ ಒಕ್ಕಲಿಗನೂ ಅವನ ಮನೆಯಾಕೆಯೂ ಗಮಕಿಗಳ ಬಾಯಿಂದ ಅನೇಕ ಸಾರಿ ಕೇಳಿದವರು. ಚಂದ್ರಹಾಸನ ಕಥೆಯನ್ನೋ ಸೀತಾಪರಿತ್ಯಾಗದ ಭಾಗವನ್ನೋ ಬಾಲಕನು ಓದುತ್ತಿರುವಾಗ ಕೇಳುವವರು ಪರೀಕ್ಷಕರೂ ಹೌದು, ರಸಿಕರೂ ಹೌದು. ಹೀಗೆ ಅಕ್ಷರವಿಲ್ಲದ ಮನೆಯೂ ಅಕ್ಷರ ಕಲಿಯುವ ಮಗುವಿಗೆ ಸಹಾಯಕವಾಗುತ್ತಿದ್ದಿತು.

ಈ ಪರೀಕ್ಷೆಯು ವರ್ಷಕ್ಕೊಮ್ಮೆ ಊರಿಗೇ ಹಬ್ಬವಾಗುತ್ತಿದ್ದಿತು. ಹಳೆಯ ಮೈಸೂರು ಸೀಮೆಯ ಮಠಗಳಲ್ಲಿ ಮಹಾನವಮಿಯ ಕಾಲಕ್ಕೆ ಅಯ್ಯನವರು ಶಿಷ್ಯರನ್ನು ಸಾಲಾಗಿ ಕರೆದುಕೊಂಡು ಮನೆಮನೆಯ ಮುಂದೆ ಚೌಪದಗಳನ್ನು ಹಾಡಿಸುವ ರೂಢಿಯಿದ್ದಿತು. ಮನೆಯವರು ಕೇಳಿ ಮೆಚ್ಚಿ ಅಯ್ಯನವರಿಗೆ ಕಾಣಿಕೆಯನ್ನೂ ಮಕ್ಕಳಿಗೆ ತಿಂಡಿಯನ್ನೂ ಕೊಡುವರು. ಇದನ್ನು ಭಿಕ್ಷೆಯೆಂದು ತಿಳಿಯುವುದು ಸರಿಯಲ್ಲ. ವರ್ಷವೆಲ್ಲ ಕಲಿಸಿದುದರ ಲೆಕ್ಕವನ್ನು ಉಪಾಧ್ಯಾಯನು ಬೀದಿಯಲ್ಲಿ ನಿಂತು ಒಪ್ಪಿಸುವ ಪದ್ಧತಿಯಿದು. ಲೆಕ್ಕವನ್ನು ಕೇಳುವವರು ತಾಯಂದಿರು, ಅಜ್ಜಿಯರು, ಕೂಲಿ ಕೊಟ್ಟ ಗೃಹಸ್ಥರು. ಯಾವ ಮನೆಯ ಹುಡುಗನ ದನಿ ಗಟ್ಟಿಯಾಗಿದೆ, ಯಾರ ಮಗನು ನಡುವೆ ತಡವರಿಸಿದನು ಎಂಬುದು ಹೊತ್ತು ಮುಳುಗುವುದರೊಳಗಾಗಿ ಊರಿಗೆಲ್ಲ ತಿಳಿದಿರುತ್ತಿದ್ದಿತು.

೫

ಇಷ್ಟು ಹೇಳಿದ ಮಾತ್ರಕ್ಕೆ ಕೂಲಿಮಠವನ್ನು ಸುವರ್ಣಯುಗದ ಶಾಲೆಯೆಂದು ಹೊಗಳುವುದು ಯುಕ್ತವಲ್ಲ. ಅದರ ಕೊರತೆಗಳು ಅಲ್ಪವಾದುವಲ್ಲ. ಬಳ್ಳಾರಿ ಜಿಲ್ಲೆಯ ೯,೨೭,೮೫೭ ಜನರಲ್ಲಿ ಶಾಲೆಯಲ್ಲಿದ್ದವರು ೬,೬೪೧ ಮಂದಿ. ಎಂದರೆ ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ. ಅವರಲ್ಲಿ ಹುಡುಗಿಯರು ೬೦ ಮಂದಿ ಮಾತ್ರ. ಕಡೂರು ಸೀಮೆಯೂ ಸೇರಿದ ಮೈಸೂರು ಸಂಸ್ಥಾನದಲ್ಲಿ ೧೯೦೧ರ ಜನಗಣತಿಯ ವೇಳೆಗೂ ಓದುಬರಹ ಬಲ್ಲ ಹೆಂಗಸರು ನೂರಕ್ಕೆ ಒಬ್ಬರಿಗಿಂತ ಕಡಮೆಯಾಗಿದ್ದರು. ಕೂಲಿ ಕೊಡಲಾರದವನ ಮಗುವಿಗೆ ಮಠವಿಲ್ಲ. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಜಗಲಿಯನ್ನು ಮೆಟ್ಟುವ ಅವಕಾಶವೇ ಇರಲಿಲ್ಲ. ಮನೆ ಮಠಗಳ ಒಡಂಬಡಿಕೆಯು ಹಸನಾಗಿದ್ದುದು ಆ ಒಡಂಬಡಿಕೆಯೊಳಕ್ಕೆ ಬರಲು ಅಧಿಕಾರವಿದ್ದವರಿಗೆ ಮಾತ್ರ.

ಒಳಗಿದ್ದವರಿಗೂ ಕಷ್ಟವುಂಟು. ಕೋದಂಡ, ಬಸ್ಕಿ, ಬೆತ್ತಗಳ ಭಯದಿಂದ ಅಡಗಿಕೊಂಡ ಹುಡುಗನನ್ನು ದೊಡ್ಡ ಹುಡುಗರು ಹೊತ್ತು ತರುತ್ತಿದ್ದರು. ಮನೆಯವರು ಅದಕ್ಕೆ ಒಪ್ಪಿಗೆ ಕೊಡುತ್ತಿದ್ದರು. ತಂದೆಯೂ ಉಪಾಧ್ಯಾಯನೂ ಒಂದಾಗುವುದು ಮಗುವಿಗೆ ಯಾವಾಗಲೂ ಹಿತವೆಂದು ಹೇಳುವಂತಿಲ್ಲ. ಓದಿನ ವಿಷಯದಲ್ಲಿಯೂ ಕ್ಯಾಂಬೆಲ್ಲನ ಆಕ್ಷೇಪಣೆಯು ವಿಚಾರಾರ್ಹವಾದುದು. ಪದ್ಯಗಳ ಭಾಷೆಯು ಆಡುವ ಭಾಷೆಗಿಂತ ಬೇರೆಯಾಗಿರುವುದರಿಂದ ಅವುಗಳ ಅರ್ಥವನ್ನು ವಿವರಿಸಬಲ್ಲ ಉಪಾಧ್ಯಾಯರು ವಿರಳ, ತಿಳಿದುಕೊಳ್ಳುವ ಶಿಷ್ಯರು ಇನ್ನೂ ವಿರಳ ಎಂಬುದು ಅವನ ಅಭಿಪ್ರಾಯ. ಶಾಲೆಗಳ ಕ್ಷೀಣತೆಗೆ ಅವನು ಕೊಟ್ಟ ಕಾರಣವೂ ಸ್ಮರಣೀಯವಾದುದು: ದೇಶದಲ್ಲಿ ಬಡತನವು ಹೆಚ್ಚಿದುದರಿಂದ ಅನೇಕರು ಮಕ್ಕಳನ್ನು ಓದಿಗೆ ಬಿಡಲಾರದೆ ಎಳೆಯ ಕೈಗಳನ್ನೂ ದುಡಿಮೆಗೆ ಹಚ್ಚಿದರೆಂದು ಆತನು ಸರ್ಕಾರಕ್ಕೆ ಮುಚ್ಚುಮರೆಯಿಲ್ಲದೆ ತಿಳಿಸಿದನು.

೬

ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯು ೧೮೫೭ರಲ್ಲಿ ಏರ್ಪಟ್ಟಿತು. ಅದರ ಫಲವು ಹಳ್ಳಿಗೆ ಮುಟ್ಟಿದುದು ೧೮೬೮ರ ಹೋಬಳಿ ಶಾಲೆಗಳ ಯೋಜನೆಯಿಂದ. ಅದನ್ನು ರೂಪಿಸಿದವರು ಬಿ. ಎಲ್. ರೈಸ್, ಮುಂದೆ ಎಪಿಗ್ರಾಫಿಯಾ ಕರ್ನಾಟಿಕದ ಸಂಪಾದಕರಾಗಿ ಕಡೂರು ಜಿಲ್ಲೆಯ ಶಾಸನಗಳನ್ನು ಅದರ ಆರನೆಯ ಸಂಪುಟವಾಗಿ ೧೯೦೧ರಲ್ಲಿ ಪ್ರಕಟಿಸಿದವರೂ ಅವರೇ. ಜನ್ನನ ಅಮೃತಾಪುರದ ಪದ್ಯಗಳನ್ನು ವಿದ್ವಾಂಸರ ಮುಂದಿಟ್ಟವರು, ಅದೇ ಸೀಮೆಯ ಒಕ್ಕಲುಮಕ್ಕಳಿಗೆ ಶಾಲೆಯನ್ನು ಯೋಚಿಸಿದವರು ಒಬ್ಬರೇ ಎಂಬುದು ಸ್ವಾರಸ್ಯವಾದ ಸಂಗತಿ.

ಈ ಯೋಜನೆಯಲ್ಲಿ ಹಳೆಯ ಒಡಂಬಡಿಕೆಯ ಒಂದಂಶವು ಉಳಿದುಬಂದಿತು. ಶಾಲೆಗೆ ಮನೆಯನ್ನು ಊರಿನವರು ಒದಗಿಸತಕ್ಕದ್ದು. ಹಳೆಯ ಉಪಾಧ್ಯಾಯರನ್ನೇ ಸಾಧ್ಯವಾದೆಡೆಯಲ್ಲಿ ಆರಿಸಿ, ನಾರ್ಮಲ್ ಶಾಲೆಯಲ್ಲಿ ಶಿಕ್ಷಣ ಕೊಟ್ಟು, ಊರಿಗೆ ಕಳುಹಿಸತಕ್ಕದ್ದು ಎಂಬುದು ಅದರ ಕ್ರಮ. ಆದರೆ ಸಂಬಳವು ಸರ್ಕಾರದ್ದಾಯಿತು, ಮೇಲ್ವಿಚಾರಣೆಯು ಇನ್ಸ್‌ಪೆಕ್ಟರರದಾಯಿತು. ಬಳಿಕ ೧೮೭೬-೭೮ರ ಕ್ಷಾಮವು ಬಂದೆರಗಿತು. ೧೮೭೧ರಲ್ಲಿ ೫೦,೫೫,೪೧೨ ಇದ್ದ ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತೆಂದರೆ ಹಳ್ಳಿಯ ಮನೆಗಳ ಗತಿಯನ್ನು ಊಹಿಸಬಹುದು. ದವಸದ ಕೂಲಿಯನ್ನು ನಂಬಿದ ಉಪಾಧ್ಯಾಯನು ಇಂತಹ ಕಾಲದಲ್ಲಿ ನಿಲ್ಲಲಾರನು. ಸರ್ಕಾರದ ಸಂಬಳವು ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಡ.

೧೯೧೩ರ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನಿನಿಂದ ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಮೊದಲಾಯಿತು. ೧೯೧೫ರಲ್ಲಿ ಸರ್ಕಾರದ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕೆಂಬ ಆಜ್ಞೆಯು ಹೊರಟಿತು. ೧೯೩೦ರ ರೆಗ್ಯುಲೇಷನ್ನು ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು; ೧೯೪೧ರಲ್ಲಿ ಸರ್ಕಾರವು ಅದನ್ನು ಮರಳಿ ವಹಿಸಿಕೊಂಡಿತು. ಈ ಎಲ್ಲ ಬದಲಾವಣೆಗಳಿಂದ ಆದ ಲಾಭವು ನಿರ್ವಿವಾದವಾದುದು. ಜಗಲಿಯ ಹೊರಗಿದ್ದ ಮಗುವಿಗೆ ಕಾನೂನಿನ ಮೂಲಕವಾದರೂ ಒಳಗೆ ಸ್ಥಾನ ದೊರೆಯಿತು.

ನಷ್ಟವು ಲೆಕ್ಕಪತ್ರಗಳಲ್ಲಿ ಕಾಣುವಂತಹುದಲ್ಲ. ಮುದ್ರಿತ ಪಾಠಪುಸ್ತಕವೂ ಭೂಗೋಳವೂ ಸ್ಲೇಟಿನ ಲೆಕ್ಕವೂ ಬಂದಮೇಲೆ ಓದು ಬಾರದ ತಂದೆಯ ಕಿವಿಗೆ ಕೆಲಸವಿಲ್ಲದಾಯಿತು. ಮಗನು ಸರಿಯಾಗಿ ಓದಿದನೋ ತಪ್ಪಾಗಿ ಓದಿದನೋ ಅವನಿಗೆ ತಿಳಿಯದು. ಅಜ್ಜಂಪುರದ ಕಾವಲಿನಂಚಿನಲ್ಲಿ ದನ ಮೇಯಿಸುವವನಿಗೂ ಇನ್ಸ್‌ಪೆಕ್ಟರರ ಪುಸ್ತಕದಲ್ಲಿ ಬರೆದ ಅಭಿಪ್ರಾಯಕ್ಕೂ ಏನು ಸಂಬಂಧ? ಬಿತ್ತನೆಯ ಕಾಲದಲ್ಲಿಯೂ ಕೊಯ್ಲಿನ ಕಾಲದಲ್ಲಿಯೂ ಅವನು ಮಗನನ್ನು ಶಾಲೆಯಿಂದ ಬಿಡಿಸಿದರೆ ಅದನ್ನು ಅಜ್ಞಾನವೆಂದು ಕರೆದರು. ಅಜ್ಞಾನದ ಅಂಶವು ಅದರಲ್ಲಿ ಇದ್ದಿರಬಹುದು. ಬಡತನದ ಅಂಶವು ಖಂಡಿತವಾಗಿಯೂ ಇದ್ದಿತು. ಇವೆರಡರ ಜತೆಗೆ, ತನ್ನ ಮಾತಿಗೆ ಎಡೆಯಿಲ್ಲದ ಸಂಸ್ಥೆಯಲ್ಲಿ ಮನುಷ್ಯನಿಗೆ ಸಹಜವಾಗಿಯೇ ಹುಟ್ಟುವ ಔದಾಸೀನ್ಯವನ್ನೂ ಎಣಿಸಬೇಕು.

೭

ಸ್ವಾತಂತ್ರ್ಯಾನಂತರ ಶಾಲೆಗಿಂತ ಮುಂಚಿನ ವಯಸ್ಸಿನ ಮಕ್ಕಳ ಪಾಲನೆಯೂ ಸಾರ್ವಜನಿಕ ಕರ್ತವ್ಯವೆಂಬ ಭಾವನೆಯು ಬೆಳೆಯಿತು. ತರೀಕೆರೆಯ ಪಡುವಣ ಬೆಟ್ಟಗಳಲ್ಲಿರುವಂತಹ ಕಾಫಿ ತೋಟಗಳನ್ನು ಉದ್ದೇಶಿಸಿ ೧೯೫೧ರ ತೋಟಗಾರಿಕೆ ಕಾರ್ಮಿಕರ ಕಾಯಿದೆಯು, ಐವತ್ತು ಅಥವಾ ಹೆಚ್ಚು ಮಂದಿ ಹೆಂಗಸರು ದುಡಿಯುವ ತೋಟದಲ್ಲಿ ಆರು ವರ್ಷದೊಳಗಿನ ಅವರ ಮಕ್ಕಳಿಗೆ ಶಿಶುಪಾಲನಾಗೃಹವಿರಬೇಕೆಂದು ವಿಧಿಸಿತು. ಇದಾದ ಮೇಲೆ ೧೯೭೫ರ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ ೩೩ ಕಡೆಗಳಲ್ಲಿ ಮೊದಲಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದ ಸ್ಥಳವು ತಿರುಮಕೂಡಲು ನರಸೀಪುರ. ಕಾಲಕ್ರಮದಲ್ಲಿ ಅದು ಎಲ್ಲ ತಾಲ್ಲೂಕುಗಳಿಗೂ ಹಬ್ಬಿ ಹಳ್ಳಿಹಳ್ಳಿಗೆ ಅಂಗನವಾಡಿಯನ್ನು ತಂದಿತು.

ಅಂಗನವಾಡಿಯ ರಚನೆಯನ್ನು ಪರಿಶೀಲಿಸಿದರೆ ಕೂಲಿಮಠದ ಕೆಲವು ಲಕ್ಷಣಗಳು ಬೇರೆ ರೂಪದಲ್ಲಿ ಮರಳಿರುವುದು ಕಾಣುವುದು. ಕಾರ್ಯಕರ್ತೆಯು ಬಹುಮಟ್ಟಿಗೆ ಆ ಊರಿನವಳೇ. ಮಕ್ಕಳ ಮನೆಗಳ ಕಷ್ಟಸುಖವನ್ನು ಬಲ್ಲವಳು. ಮಕ್ಕಳು ಆಕೆಯನ್ನು ಟೀಚರೆಂದರೂ ತಾಯಂದಿರಿಗೆ ಆಕೆಯು ಅಕ್ಕನೋ ಅತ್ತಿಗೆಯೋ ಆಗಿರುವಳು. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಇವುಗಳೊಡನೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವೂ ಅಲ್ಲಿ ನಡೆಯುವುದು. ಆ ಶಿಕ್ಷಣವು ಹಾಡು, ಕಥೆ, ಆಟಗಳ ಮೂಲಕ ನಡೆಯತಕ್ಕುದಾದುದರಿಂದ ಅಕ್ಷರ ಬಾರದ ತಾಯಿಯೂ ಅದನ್ನು ಸಂಜೆ ಮಗುವಿನ ಬಾಯಿಂದ ಕೇಳಬಲ್ಲಳು, ತನಗೆ ತಿಳಿದ ಒಗಟನ್ನೂ ಕಥೆಯನ್ನೂ ಅದಕ್ಕೆ ಸೇರಿಸಬಲ್ಲಳು. ಕರ್ನಾಟಕದ ಅಂಗನವಾಡಿಗಳಲ್ಲಿ ತಾಯಂದಿರನ್ನೊಳಗೊಂಡ ಬಾಲವಿಕಾಸ ಸಮಿತಿಯಿದೆ. ಪ್ರಾಥಮಿಕ ಶಾಲೆಗಳಿಗೆ ೨೦೦೧ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟುವು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಾಯಿತಂದೆಗಳೂ ಪೋಷಕರೂ ಇರಬೇಕೆಂದೂ, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದೂ ಗೊತ್ತುಮಾಡಿತು. ಕೂಲಿ ಕೊಟ್ಟವನಿಗೆ ಮಾತ್ರ ಇದ್ದ ಮಾತಿನ ಅಧಿಕಾರವು ಹೀಗೆ ಕಾನೂನಿನಿಂದ ಎಲ್ಲ ಮನೆಗಳಿಗೂ, ಮುಖ್ಯವಾಗಿ ತಾಯಂದಿರಿಗೂ ಬಂದಿತು.

ಆದರೆ ಸಮಿತಿಯ ಪುಸ್ತಕದಲ್ಲಿ ರುಜು ಹಾಕುವುದೂ ಮಗುವಿನ ಕಲಿಕೆಗೆ ನೆರವಾಗುವುದೂ ಒಂದೇ ಅಲ್ಲ. ಸಭೆಯಲ್ಲಿ ಕಟ್ಟಡದ ಮಾತೂ ಹಣದ ಮಾತೂ ಮುಗಿದ ಮೇಲೆ ಮಗುವು ಏನನ್ನು ಕಲಿಯಿತು ಎಂಬುದನ್ನು ಮನೆಯವರ ಮುಂದೆ ತೋರಿಸುವ ಬಗೆಯೇನು? ಮಹಾನವಮಿಯ ಚೌಪದವು ಈ ಪ್ರಶ್ನೆಗೆ ಒಂದು ಉತ್ತರವಾಗಿದ್ದಿತು. ಅದಕ್ಕೆ ಅರ್ಜಿಯೂ ಬೇಕಿರಲಿಲ್ಲ, ಓದುಬರಹವೂ ಬೇಕಿರಲಿಲ್ಲ. ಮನೆಯವರು ಬಾಗಿಲಿಗೆ ಬಂದು ನಿಂತು ಕೇಳಿದರೆ ಸಾಕಾಗುತ್ತಿದ್ದಿತು.

೮

ಮೇಲಣ ವಿಚಾರದಿಂದ ಎರಡು ಅಂಶಗಳು ಸಿದ್ಧಪಡುವುವು. ಮನೆಯವರು ಕಲಿಸುವವರೊಡನೆ ಸಹಕರಿಸುವುದಕ್ಕೆ ಅವರು ವಿದ್ಯಾವಂತರಾಗಿರಲೇಬೇಕೆಂಬ ನಿಯಮವಿಲ್ಲ. ಕಲಿಸುವುದರಲ್ಲಿ ಅವರು ಕೇಳಿ ಗುರುತಿಸಬಹುದಾದ ಒಂದು ಭಾಗವಿರಬೇಕು. ದೇವನೂರಿನ ಕವಿಯ ಷಟ್ಪದಿಯು ಈ ಸೀಮೆಯಲ್ಲಿ ಬಹುಕಾಲ ಆ ಭಾಗವನ್ನು ತುಂಬಿದ್ದಿತು. ಹಳೆಗಾವ್ಯವನ್ನು ತರಗತಿಯಲ್ಲಿ ಕಲಿಸುವ ಇಂದಿನ ಉಪಾಧ್ಯಾಯರು ಅದನ್ನು ಪರೀಕ್ಷೆಯ ಪಾಠವೆಂದು ಮುಗಿಸದೆ, ಗಟ್ಟಿಯಾಗಿ ಓದಿಸಿ ಮನೆಯವರಿಗೆ ಕೇಳಿಸುವ ಪ್ರಯತ್ನವನ್ನು ಮಾಡಿದರೆ ಅದು ಹೊಸ ಪದ್ಧತಿಯಾಗದು. ನಿಂತುಹೋದ ಪದ್ಧತಿಯ ಪುನರಾರಂಭವಾಗುವುದು.

ಎರಡನೆಯದಾಗಿ, ಹಳೆಯ ಒಡಂಬಡಿಕೆಯ ಸೊಗಸನ್ನು ಬಯಸುವವರು ಅದರ ಬಾಗಿಲು ಎಷ್ಟು ಕಿರಿದಾಗಿದ್ದಿತೆಂಬುದನ್ನು ನೆನಪಿನಲ್ಲಿಡಬೇಕು. ಬಾಗಿಲನ್ನು ಅಗಲಮಾಡಿದುದು ಸರ್ಕಾರದ ಶಾಲೆ. ಒಳಗಿದ್ದವರು ಹೊರಗಿನ ಹಿರಿಯರಿಗೆ ಓದಿ ಹೇಳುವ ರೂಢಿಯನ್ನು ಬೆಳೆಸಿದುದು ಕೂಲಿಮಠ. ಕಡೂರಿನ ಬಯಲಿನಲ್ಲಿಯೂ ತರೀಕೆರೆಯ ತೋಟಗಳಲ್ಲಿಯೂ ಅಜ್ಜಂಪುರದ ಹೊಲಗಳಲ್ಲಿಯೂ ಇಂದು ಅಂಗನವಾಡಿಗೆ ನಡೆಯುವ ಮಕ್ಕಳಲ್ಲಿ, ೧೮೬೮ಕ್ಕೆ ಮೊದಲು ಜಗಲಿಯನ್ನು ಹತ್ತಲಾರದಿದ್ದವರ ವಂಶದ ಹೆಣ್ಣುಮಕ್ಕಳೂ ಇದ್ದಾರೆ. ಅವರ ಹಾಡನ್ನು ಕೇಳಲು ಮನೆಯವರು ಸಂಜೆ ಒಂದು ಗಳಿಗೆ ಕುಳಿತಲ್ಲಿ ಈ ಸೀಮೆಯ ಎರಡು ಪರಂಪರೆಗಳೂ ಒಂದುಗೂಡುವುವು.